ಮೂರು ಕುದುರೆಗೆ ಒಂದು ಪೆಟ್ಟಿಗೆ

2023ರ ನವೆಂಬರಿನಲ್ಲಿ ಒಂದೇ ಆಡಿಯೋ ನನ್ನ ಫೋನಿಗೆ ಏಳೆಂಟು ಜನರಿಂದ ಬಂತು. ನ್ಯೂಯಾರ್ಕಿನಿಂದ ಬೆಲ್ಜಿಯಂನ ಲೀಜ್‌ಗೆ ಹೊರಟಿದ್ದ ಒಂದು 747 ಸರಕು ವಿಮಾನ. ಪೈಲಟ್ ತಣ್ಣಗಿನ ದನಿಯಲ್ಲಿ ಕೆಳಗಿನವರಿಗೆ ಹೇಳುತ್ತಾನೆ: ನಮ್ಮಲ್ಲಿ ಕುದುರೆ ಉಂಟು, ಅದು ಪೆಟ್ಟಿಗೆಯಿಂದ ತಪ್ಪಿಸಿಕೊಂಡಿದೆ, ಮತ್ತೆ ಕಟ್ಟಲಿಕ್ಕೆ ಆಗುತ್ತಿಲ್ಲ, ಹಿಂದೆ ಬರುತ್ತೇವೆ, ಇಳಿದ ಕೂಡಲೇ ಪಶುವೈದ್ಯರು ಬೇಕು. ಭಾರ ಇಳಿಸಲಿಕ್ಕೆ ಸುಮಾರು 20 ಟನ್ ಇಂಧನವನ್ನು ಸಮುದ್ರದ ಮೇಲೆ ಚೆಲ್ಲಿ ವಾಪಸು ಬಂದರು.

ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ನಗುವೇ ನಗು. "ಕಿಟಕಿ ಸೀಟು ಸಿಗಲಿಲ್ಲ ಅಂತ ಕೋಪ ಬಂದಿರಬೇಕು" ಎಂದು ಕಾರ್ಕಳದ ಚಿಕ್ಕಪ್ಪ ಬರೆದರು. "ನೀನು ಇದೇ ಕೆಲಸ ಅಲ್ವಾ ಮಾಡಿದ್ದು, ಎಂತ ಮಾರಾಯ ಇದು?" ಎಂದು ಎಲ್ಲರೂ ನನ್ನನ್ನೇ ಕೇಳುವುದು. ಆ ಕುದುರೆ ಬದುಕಲಿಲ್ಲ. ಗಾಯ ಅಷ್ಟು ಜೋರಾಗಿತ್ತು, ಕೊನೆಗೆ ಅದಕ್ಕೆ ದಯಾಮರಣ ಕೊಡಬೇಕಾಯಿತು. ಅದನ್ನು ಗ್ರೂಪಿನಲ್ಲಿ ಹಾಕಿದ ಮೇಲೆ ಯಾರೂ ಮಾತಾಡಲಿಲ್ಲ. ಹತ್ತು ನಿಮಿಷ ಬಿಟ್ಟು ಯಾರೋ ಗುಡ್ ನೈಟ್ ಹೂವು ಕಳಿಸಿದರು.

ಅವತ್ತಿನಿಂದ ಇದನ್ನು ಬರೆಯಬೇಕು ಅಂತ ಉಂಟು. ಈಗ ಬರೆಯುತ್ತಿದ್ದೇನೆ.

ನಮ್ಮ ಮನೆ ಉಡುಪಿ ಹತ್ತಿರ ಕಟಪಾಡಿಯಲ್ಲಿ. ಸಣ್ಣವನಿರುವಾಗ ನಾನು ನೋಡಿದ ಕುದುರೆ ಎಂದರೆ ಮೆರವಣಿಗೆಯ ಕೀಲು ಕುದುರೆ. ತಟ್ಟಿರಾಯನ ಹಿಂದೆ ಕುಣಿದುಕೊಂಡು ಬರುತ್ತದಲ್ಲ, ಅದು. ಅದಕ್ಕೆ ಮನುಷ್ಯನ ಎರಡೇ ಕಾಲು. ನಾಲ್ಕು ಕಾಲಿನ ನಿಜವಾದ ಕುದುರೆಯನ್ನು ಕೈಯಳತೆಯಲ್ಲಿ ನೋಡಿದ್ದು ಇಪ್ಪತ್ತೈದನೇ ವಯಸ್ಸಿನಲ್ಲಿ, ದುಬೈಯ ಕಾರ್ಗೋ ರ‍್ಯಾಂಪಿನಲ್ಲಿ, ರಾತ್ರಿ ಎರಡು ಗಂಟೆಗೆ. ಪೆಟ್ಟಿಗೆಯೊಳಗಿನಿಂದ ಒಂದು ಮೂತಿ ಹೊರಗೆ ಬಂದು ನನ್ನ ಹೆಗಲಿನ ರಿಫ್ಲೆಕ್ಟರ್ ಜಾಕೆಟನ್ನು ಮೂಸಿತು. ನಾನು ಹೆದರಿ ಹಿಂದೆ ಹಾರಿದೆ. ಜೊತೆಗಿದ್ದ ಮಲಯಾಳಿ ಬಿದ್ದು ಬಿದ್ದು ನಕ್ಕ.

ಮೊದಲು ಲೋಡರ್, ಆಮೇಲೆ ಲೋಡ್ ಪ್ಲಾನಿಂಗ್, ಕೊನೆಯ ಆರು ವರ್ಷ ಲೋಡ್‌ಮಾಸ್ಟರ್. ಎಂದರೆ ಸರಕಿನ ಜೊತೆ ವಿಮಾನದಲ್ಲಿ ಹೋಗಿ, ಏರಿಸುವುದು ಇಳಿಸುವುದು ಎರಡೂ ಕಡೆ ನಿಂತು ನೋಡುವವನು. ಮೊಬೈಲು, ಹೂವು, ಮೀನು, ಕಾರು, ಹೆಣ ಎಲ್ಲ ಸಾಗಿಸಿದ್ದೇವೆ. ಮಾರ್ಚ್ ಕೊನೆಯಲ್ಲಿ ದುಬೈಯ ಮೇದಾನ್ ರೇಸ್‌ಕೋರ್ಸಿನ ದೊಡ್ಡ ರೇಸು, ಅದಕ್ಕೆ ಮೊದಲಿನ ವಾರಗಳಲ್ಲಿ ಬರೀ ಕುದುರೆ. ಜಪಾನಿನಿಂದ, ಅಮೆರಿಕದಿಂದ, ಯುರೋಪಿನಿಂದ.

ಜನ ಕೇಳುವ ಮೊದಲ ಪ್ರಶ್ನೆ, "ಮೆಟ್ಟಿಲು ಹತ್ತಿಸ್ತೀರಾ?" ಇಲ್ಲ. ಕುದುರೆ ವಿಮಾನಕ್ಕೆ ನಡೆದುಕೊಂಡು ಹೋಗುವುದಿಲ್ಲ. ಅದು ಹತ್ತುವುದು ಪೆಟ್ಟಿಗೆಗೆ. ಲೋಹದ ತಳ, ಗಟ್ಟಿ ಗೋಡೆ, ಒಳಗೆ ಮೆತ್ತೆ, ನೆಲಕ್ಕೆ ಮರದ ಹೊಟ್ಟು. ಲಾಯದ ಟ್ರಕ್ಕನ್ನು ತಂದು ಅದರ ಬಾಗಿಲಿಗೆ ಇಳಿಜಾರು ಹಾಕಿ ಪೆಟ್ಟಿಗೆಗೆ ಕೂಡಿಸಿದರೆ, ಕುದುರೆಗೆ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋದ ಹಾಗೆ. ಆಮೇಲೆ ಬಾಗಿಲು ಹಾಕಿ, ಪೆಟ್ಟಿಗೆಯನ್ನೇ ಹೈ ಲೋಡರಿನಲ್ಲಿ ಎತ್ತಿ, ವಿಮಾನದ ಬದಿಯ ದೊಡ್ಡ ಬಾಗಿಲಿನಿಂದ ಒಳಗೆ ಉರುಳಿಸಿ, ನೆಲದ ಕೊಂಡಿಗಳಿಗೆ ಬಿಗಿಯುವುದು. ಹೀಗೆ ಎತ್ತುವ ಎರಡು ನಿಮಿಷವೇ ಕಷ್ಟದ್ದು. ಕುದುರೆಗೆ ನೆಲ ಅಲ್ಲಾಡಬಾರದು. ಆಗ ಗ್ರೂಮ್, ಎಂದರೆ ಕುದುರೆ ನೋಡಿಕೊಳ್ಳುವವನು, ಪೆಟ್ಟಿಗೆಯ ಮುಂದಿನ ಭಾಗದಲ್ಲಿ ಅದರ ಕಿವಿಯ ಹತ್ತಿರ ನಿಂತು ಏನಾದರೂ ಹೇಳುತ್ತಲೇ ಇರುತ್ತಾನೆ. ಏನು ಹೇಳಿದರೂ ಆಗುತ್ತದೆ. ಒಬ್ಬ ಐರ್ಲೆಂಡಿನ ಮುದುಕ ತನ್ನ ಹೆಂಡತಿ ಬರೆದ ಸಾಮಾನು ಚೀಟಿ ಓದುತ್ತಿದ್ದ.

ಒಂದು ಪೆಟ್ಟಿಗೆಯಲ್ಲಿ ಮೂರು ಕುದುರೆ ನಿಲ್ಲುತ್ತವೆ. ಮೂರು ನಿಲ್ಲಿಸಿದರೆ ಇಕಾನಮಿ, ನಡುವಿನ ಗೋಡೆ ಸರಿಸಿ ಎರಡು ನಿಲ್ಲಿಸಿದರೆ ಬಿಸಿನೆಸ್, ಒಂದೇ ನಿಂತರೆ ಫಸ್ಟ್ ಕ್ಲಾಸ್. ತಮಾಷೆಯಲ್ಲ, ಬುಕಿಂಗಿನಲ್ಲಿ ಹೀಗೇ ಹೇಳುವುದು. 2021ರ ಜುಲೈಯಲ್ಲಿ ಟೋಕಿಯೋ ಒಲಿಂಪಿಕ್ಸಿಗೆ ಲೀಜ್‌ನಿಂದ ದುಬೈ ಮೇಲೆ ಹನೇಡಾಕ್ಕೆ ಹೋದ ಮೊದಲ ವಿಮಾನದಲ್ಲಿ 36 ಕುದುರೆ, 19 ಪೆಟ್ಟಿಗೆ. ಲೆಕ್ಕ ನೀವೇ ಹಾಕಿ, ಹೆಚ್ಚುಕಮ್ಮಿ ಎಲ್ಲವೂ ಬಿಸಿನೆಸ್. ನಾನು ಅಷ್ಟರಲ್ಲಿ ಕೆಲಸ ಬಿಟ್ಟು ಊರಿಗೆ ಬಂದಾಗಿತ್ತು. ಲಾಕ್‌ಡೌನಿನ ಮಳೆಗಾಲ, ಕರೆಂಟಿಲ್ಲದ ಮನೆಯಲ್ಲಿ ಕೂತು ಫೋನಿನಲ್ಲಿ ಆ ಫೋಟೋ ನೋಡುವಾಗ ಕೈ ತುರಿಸಿತು. ಭಾರದ ಹಂಚಿಕೆ ಹೇಗೆ ಮಾಡಿದ್ದಾರೆ ಅಂತ ಪೆಟ್ಟಿಗೆ ಎಣಿಸುತ್ತಿದ್ದೆ. ಹೆಂಡತಿ, "ಅದನ್ನೆಲ್ಲ ಬಿಟ್ಟು ಆ ಸೋರುವ ಹಂಚು ನೋಡಿ" ಎಂದಳು.

ಈಗ ಮುಖ್ಯ ವಿಷಯ. ವಿಮಾನದಲ್ಲಿ ಕುದುರೆಗೆ ಅಪಾಯ ಎಂದರೆ ಎಲ್ಲರಿಗೂ ನೆನಪಾಗುವುದು ಆ ಆಡಿಯೋದ ಹಾಗೆ ಹುಚ್ಚೆದ್ದು ಒದೆಯುವುದು. ಅದು ಅಪರೂಪ. ನಿಜವಾದ ಅಪಾಯ ಸದ್ದೇ ಮಾಡುವುದಿಲ್ಲ. ಅದು ತಲೆಯದ್ದು.

ಕುದುರೆ ದಿನದ ಹೆಚ್ಚಿನ ಹೊತ್ತು ತಲೆ ಬಗ್ಗಿಸಿ ಮೇಯುವ ಪ್ರಾಣಿ. ತಲೆ ಕೆಳಗಿದ್ದರೆ ಶ್ವಾಸನಾಳದ ಧೂಳು, ಕಫ ತನ್ನಿಂತಾನೇ ಹೊರಗೆ ಹರಿಯುತ್ತದೆ. ಅದು ಬಾಯಿಯಿಂದ ಉಸಿರಾಡಲಾರದು, ಮೂಗೇ ಗತಿ. ಪೆಟ್ಟಿಗೆಯಲ್ಲಿ ತಲೆ ಮೇಲೆ ಕಟ್ಟಿ ಹತ್ತು ಹನ್ನೆರಡು ಗಂಟೆ ಬಿಟ್ಟರೆ ಆ ಕಫ ಎಲ್ಲಿಗೆ ಹೋಗಬೇಕು? ಕೆಳಗೆ, ಶ್ವಾಸಕೋಶಕ್ಕೆ. ಅದರ ಮೇಲೆ ಒಣಹುಲ್ಲಿನ ಧೂಳು, ಮೂತ್ರದ ಘಾಟು. ಇಳಿಯುವಾಗ ಕುದುರೆ ಚೆನ್ನಾಗಿಯೇ ಕಾಣುತ್ತದೆ. ಎರಡು ಮೂರು ದಿನ ಬಿಟ್ಟು ಜ್ವರ, ಮೇವು ಬೇಡ, ಎದೆಯಲ್ಲಿ ನೀರು. ಇದಕ್ಕೆ ಶಿಪ್ಪಿಂಗ್ ಫೀವರ್ ಅನ್ನುತ್ತಾರೆ. ಹಡಗಿನ ಕಾಲದ ಹೆಸರು ಇರಬೇಕು ಅಂತ ನನ್ನ ಊಹೆ. ಲಕ್ಷಗಟ್ಟಲೆ ಡಾಲರಿನ ಕುದುರೆ ಇದರಲ್ಲಿ ಹೋದದ್ದುಂಟು.

ಹಾಗಾಗಿ ಒಳ್ಳೆಯ ಗ್ರೂಮ್ ಯಾರು ಅಂತ ತಿಳಿಯಲಿಕ್ಕೆ ನಾನು ಒಂದೇ ನೋಡುತ್ತಿದ್ದೆ. ವಿಮಾನ ಮೇಲೆ ಹೋಗಿ ನೆಟ್ಟಗಾದ ಮೇಲೆ ಎದ್ದು ಹಗ್ಗ ಉದ್ದ ಮಾಡುತ್ತಾನೋ ಇಲ್ಲವೋ. ಕೆಟ್ಟ ಗ್ರೂಮ್ ಫೋನು ನೋಡುತ್ತಾನೆ. ಒಳ್ಳೆಯವನು ಹಗ್ಗ ಸಡಿಲಿಸಿ, ಹುಲ್ಲಿನ ಬಲೆಯನ್ನು ಸ್ವಲ್ಪ ತಗ್ಗಿಸಿ, ಹುಲ್ಲನ್ನು ನೀರಲ್ಲಿ ನೆನೆಸಿ ಕಟ್ಟುತ್ತಾನೆ. ನೆನೆಸಿದರೆ ಧೂಳೂ ಇಲ್ಲ, ಹೊಟ್ಟೆಗೆ ಒಂದಿಷ್ಟು ನೀರೂ ಹೋಯಿತು. ಕುದುರೆಗೆ ವಾಂತಿ ಮಾಡಲಿಕ್ಕೆ ಬರುವುದಿಲ್ಲ, ಗೊತ್ತುಂಟಾ? ಹೊಟ್ಟೆ ಕಟ್ಟಿದರೆ ಹಿಂದೆ ಬರುವ ದಾರಿಯೇ ಇಲ್ಲ. ನೀರು ಕುಡಿಯದಿದ್ದರೆ ಕರುಳು ಗಂಟು ಬಿದ್ದ ಹಾಗೆ ನೋವು, ಅದಕ್ಕೆ ಅವರು ಕಾಲಿಕ್ ಅನ್ನುವುದು.

ಮತ್ತೆ ಆ ನೀರು! ಕುದುರೆಗೆ ಪರವೂರಿನ ನೀರು ಆಗುವುದಿಲ್ಲ. ಮೂಸಿ ತಲೆ ತಿರುಗಿಸಿಬಿಡುತ್ತದೆ. ಕೆಲವರು ಲಾಯದ ನೀರನ್ನೇ ಕ್ಯಾನಿನಲ್ಲಿ ತರುತ್ತಿದ್ದರು. ಕೆಲವರು ಹೊರಡುವ ಒಂದು ವಾರ ಮೊದಲಿನಿಂದ ನೀರಿಗೆ ಸ್ವಲ್ಪ ಸೇಬಿನ ರಸ ಹಾಕಿ ರೂಢಿ ಮಾಡಿಸಿ, ವಿಮಾನದಲ್ಲೂ ಅದೇ ರಸ ಹಾಕುವುದು. ಆಗ ಯಾವ ಊರಿನ ನೀರು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಈ ಉಪಾಯ ನಾನು ಮರೆಯಲಿಲ್ಲ, ಮುಂದೆ ಹೇಳುತ್ತೇನೆ.

ಉಳಿದದ್ದೆಲ್ಲ ಪೈಲಟಿನ ಕೈಯಲ್ಲಿ. ಕುದುರೆ ಇದ್ದರೆ ಏರುವುದು ನಿಧಾನ, ಇಳಿಯುವುದು ಇನ್ನೂ ನಿಧಾನ, ಬ್ರೇಕು ತುಳಿಯುವುದು ಮದುಮಗಳನ್ನು ಕೂರಿಸಿಕೊಂಡ ಡ್ರೈವರಿನ ಹಾಗೆ. ಒಳಗೆ ತಂಪು ಬೇಕು, ಕುದುರೆ ಮೈಯಿಂದ ಬರುವ ಬಿಸಿ ಮತ್ತು ಹಬೆ ಕಡಿಮೆಯದ್ದಲ್ಲ. ನಾವು 15 ಡಿಗ್ರಿಯ ಹತ್ತಿರ ಇಡಿಸುತ್ತಿದ್ದೆವು, ನಾನು ಎರಡು ಸ್ವೆಟರ್ ಹಾಕಿ ನಡುಗುವುದು. ಇಳಿಯುವಾಗ ಬಾಯಿಗೆ ಹುಲ್ಲು ಕೊಡಬೇಕು. ನಾವು ಮಕ್ಕಳಿಗೆ ಪೆಪ್ಪರ್ಮಿಂಟು ಕೊಡುವುದಿಲ್ಲವಾ, ಅದೇ ಲೆಕ್ಕ, ಜಗಿದರೆ ಕಿವಿ ಬಿಡುತ್ತದೆ. ಮತ್ತಿನ ಮದ್ದು ಆದಷ್ಟು ಕೊಡುವುದಿಲ್ಲ. ಮತ್ತಿನಲ್ಲಿದ್ದರೆ ಕಾಲು ಊರಿ ತೂಗಾಟ ತಡೆಯಲಿಕ್ಕೆ ಅದಕ್ಕೆ ಆಗುವುದಿಲ್ಲ, ಬಿದ್ದರೆ ಆ ಇಕ್ಕಟ್ಟಿನಲ್ಲಿ ಎಬ್ಬಿಸುವವರು ಯಾರು?

ನನ್ನ ಒಂದು ದಡ್ಡತನ ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ಲೋಡ್ ಪ್ಲಾನಿಂಗಿಗೆ ಬಂದ ಹೊಸತು. ನನ್ನ ತಲೆಯಲ್ಲಿ ಬರೀ ತೂಕ. ರೇಸಿನ ಕುದುರೆ ಒಂದಕ್ಕೆ ಐನೂರು ಕೆಜಿ ಹತ್ತಿರ, ಮೂರು ಸೇರಿದರೆ ಒಂದೂವರೆ ಟನ್, ಪೆಟ್ಟಿಗೆಯದ್ದು ಬೇರೆ. ವಿಮಾನದ ತೂಕದ ನಡು ಎಲ್ಲಿ ಬರುತ್ತದೆ ಅಂತ ನೋಡಿ ಚೆಂದ ಮಾಡಿ ಹಂಚಿ, ಒಂದು ಬೀಜದ ಗಂಡು ಕುದುರೆಯ ಪೆಟ್ಟಿಗೆಯನ್ನು ಹಿಂದೆ ಹಾಕಿದೆ, ಅದರ ಮುಂದೆ ಎರಡು ಪೆಟ್ಟಿಗೆ ಹೆಣ್ಣು. ಕಾಗದದಲ್ಲಿ ಅಷ್ಟು ಒಳ್ಳೆಯ ಬ್ಯಾಲೆನ್ಸ್ ನಾನು ಆಮೇಲೆ ಮಾಡಿದ್ದಿಲ್ಲ. ಏರಿಸಿ ಹತ್ತು ನಿಮಿಷ ಆಗಲಿಲ್ಲ, ಒಳಗಿನಿಂದ ಡೋಲು ಬಡಿದ ಹಾಗೆ ಸದ್ದು. ಹೆಣ್ಣಿನ ವಾಸನೆ ಗಾಳಿಯಲ್ಲಿ ನೇರ ಅದರ ಮೂಗಿಗೆ! ಆ ಐರ್ಲೆಂಡಿನ ಮುದುಕ ಕೆಳಗಿಳಿದು ಬಂದು ನನ್ನ ಶೀಟನ್ನು ಕೈಯಿಂದ ತೆಗೆದು, ನೋಡಿ, ಬೈಯಲಿಲ್ಲ. "ನಿನಗೆ ಮದುವೆ ಆಗಿಲ್ಲ ಅಲ್ವಾ?" ಎಂದು ಕೇಳಿದ ಅಷ್ಟೆ. ಗಂಡು ಯಾವಾಗಲೂ ಮುಂದೆ, ಹೆಣ್ಣು ಹಿಂದೆ. ಎಲ್ಲ ಪೆಟ್ಟಿಗೆ ಇಳಿಸಿ ಮತ್ತೆ ಹಾಕುವಾಗ ಒಂದೂವರೆ ಗಂಟೆ ತಡ. ಮೇಲಿನವರ ಹತ್ತಿರ ತಿಂದ ಮಂಗಳಾರತಿ ಬೇರೆ.

ಕಾಗದಪತ್ರದ ಕತೆ ಕೇಳಿದರೆ ನಿಮಗೆ ಯಕ್ಷಗಾನ ನೆನಪಾಗಬಹುದು. ಅಶ್ವಮೇಧದ ಕುದುರೆ ಹಣೆಗೆ ಪಟ್ಟಿ ಕಟ್ಟಿಕೊಂಡು ಯಾವ ದೇಶಕ್ಕೂ ನುಗ್ಗುತ್ತದೆ, ತಡೆದವನು ಅರ್ಜುನನ ಹತ್ತಿರ ಯುದ್ಧ ಮಾಡಬೇಕು. ಈಗಿನ ಕುದುರೆಗೆ ಹಣೆಪಟ್ಟಿ ಇಲ್ಲ, ಎಡಗಡೆ ಕುತ್ತಿಗೆಯೊಳಗೆ ಅಕ್ಕಿಕಾಳಿನಷ್ಟು ಮೈಕ್ರೋಚಿಪ್. ಕೈಯಲ್ಲಿ ಪಾಸ್‌ಪೋರ್ಟು. ಆ ಪಾಸ್‌ಪೋರ್ಟನ್ನು ಮೊದಲ ಸಲ ತೆರೆದಾಗ ನನಗೆ ಆಶ್ಚರ್ಯ. ಕುದುರೆಯ ಚಿತ್ರದ ಮೇಲೆ ಬಿಳಿ ಮಚ್ಚೆಗಳನ್ನು ಕೆಂಪು ಶಾಯಿಯಲ್ಲಿ ಬರೆದಿದ್ದಾರೆ, ಸುಳಿ ಇದ್ದಲ್ಲೆಲ್ಲ ಗುಣಾಕಾರದ ಗುರುತು. ಸುಳಿ! ನಮ್ಮಲ್ಲಿ ಕೋಣ ತೆಗೆಯುವಾಗ ಅಜ್ಜಂದಿರು ಹಣೆ, ಬೆನ್ನು ಸವರಿ ನೋಡುವುದು ಅದನ್ನೇ. ಇವರು ಶುಭ ಅಶುಭ ನೋಡುವುದಿಲ್ಲ, ಎರಡು ಕುದುರೆಗೆ ಒಂದೇ ತರದ ಸುಳಿ ಇರುವುದಿಲ್ಲ ಅಂತ ಗುರುತಿಗೆ ಇಟ್ಟುಕೊಂಡಿದ್ದಾರೆ.

ಒಮ್ಮೆ ಒಬ್ಬ ಏಜೆಂಟ್ ಚಿಪ್ಪಿನ ಹದಿನೈದು ಅಂಕೆಯಲ್ಲಿ ಒಂದನ್ನು ತಪ್ಪಿ ಬರೆದ. ಸ್ಕ್ಯಾನರಿನಲ್ಲಿ ಬಂದದ್ದೇ ಬೇರೆ, ಆರೋಗ್ಯಪತ್ರದಲ್ಲಿ ಇದ್ದದ್ದೇ ಬೇರೆ. ಎದುರಿಗೆ ನಿಂತದ್ದು ಅದೇ ಬೂದು ಕುದುರೆ ಅಂತ ಎಲ್ಲರಿಗೂ ಗೊತ್ತು. ಆದರೆ ಕಾಗದದ ಪ್ರಕಾರ ಅದು ಅಲ್ಲ. ಮೂರು ಗಂಟೆ ನಾವು ಅದಕ್ಕೆ ನೀರು ಎರಚುತ್ತಾ ಫ್ಯಾನ್ ಹಿಡಿದು ನಿಂತೆವು. ಮೇ ತಿಂಗಳ ದುಬೈ, ನೆನಪಿರಲಿ.

ಈ ಕಟ್ಟುನಿಟ್ಟು ಸುಮ್ಮನೆ ಅಲ್ಲ. ಕುದುರೆಯ ರೋಗಕ್ಕೆ ದೇಶಗಳು ಎಷ್ಟು ಹೆದರುತ್ತವೆ ಎಂದರೆ, 1956ರ ಮೆಲ್ಬರ್ನ್ ಒಲಿಂಪಿಕ್ಸಿನ ಕುದುರೆ ಸ್ಪರ್ಧೆ ಮಾತ್ರ ಸ್ಟಾಕ್‌ಹೋಮಿನಲ್ಲಿ ಆಯಿತು, ಆಸ್ಟ್ರೇಲಿಯಾ ತನ್ನ ಕ್ವಾರಂಟೈನ್ ಸಡಿಲಿಸಲಿಲ್ಲ. 2008ರಲ್ಲಿ ಬೀಜಿಂಗಿನದ್ದು ಹಾಂಗ್‌ಕಾಂಗಿನಲ್ಲಿ. ನಮ್ಮದು ಇನ್ನೂ ಕಷ್ಟ. 2023ರ ಹ್ಯಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ ನಮ್ಮ ಡ್ರೆಸಾಜ್ (ಕುದುರೆಯನ್ನು ಹೇಳಿದ ಹೆಜ್ಜೆಯಲ್ಲಿ ನಡೆಸುವ ಸ್ಪರ್ಧೆ) ತಂಡಕ್ಕೆ ಚಿನ್ನ ಬಂತಲ್ಲ, 41 ವರ್ಷದ ಮೇಲೆ ಕುದುರೆ ಸವಾರಿಯಲ್ಲಿ ಬಂದ ಚಿನ್ನ, ಆ ಕುದುರೆಗಳು ಹೊರಟದ್ದು ಯುರೋಪಿನಿಂದ. ಸವಾರರು ಮನೆ ಬಿಟ್ಟು ಅಲ್ಲೇ ವರ್ಷಗಟ್ಟಲೆ ಇದ್ದರು. ಬೆಂಗಳೂರಿನ ಫವಾದ್ ಮಿರ್ಜಾ ಟೋಕಿಯೋದಲ್ಲಿ 23ನೆಯವರಾಗಿ ಬಂದದ್ದೂ ಯುರೋಪಿನಲ್ಲಿ ಇಟ್ಟು ತಯಾರು ಮಾಡಿದ ಕುದುರೆಯಲ್ಲಿ. ಭಾರತದಿಂದ ನೇರ ಕುದುರೆ ಕಳಿಸುತ್ತೇವೆ ಎಂದರೆ ಬೇರೆ ದೇಶಗಳು ಬಾಗಿಲು ತೆರೆಯುತ್ತಿರಲಿಲ್ಲ. 2025ರ ಜುಲೈಯಲ್ಲಿ ಮೀರತ್ ದಂಡುಪ್ರದೇಶದ ಸೇನಾ ಪಶುವೈದ್ಯ ಕೇಂದ್ರದಲ್ಲಿ ರೋಗಮುಕ್ತ ವಿಭಾಗವೊಂದಕ್ಕೆ ಜಾಗತಿಕ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ಸಿಕ್ಕಿದೆ. ಮೊದಲು ನಾಲ್ಕು ಕುದುರೆ ಅಲ್ಲಿಂದ ಹೊರಡಲಿ, ಆಮೇಲೆ ಪಟಾಕಿ ಹೊಡೆಯುವ ಅನ್ನುವುದು ನನ್ನ ಅಭಿಪ್ರಾಯ.

ತಮಾಷೆ ಏನೆಂದರೆ ಒಂದು ಕಾಲದಲ್ಲಿ ಕುದುರೆ ಬರುತ್ತಿದ್ದದ್ದು ನಮ್ಮ ಈ ಕರಾವಳಿಗೇ. ಹೋರ್ಮುಜ್, ಏಡನ್ ಕಡೆಯಿಂದ ಹಡಗಿನಲ್ಲಿ ಭಟ್ಕಳಕ್ಕೆ, ಅಲ್ಲಿಂದ ಘಟ್ಟ ಹತ್ತಿ ವಿಜಯನಗರಕ್ಕೆ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನುನಿಜ್ ಒಂದು ಸಂಗತಿ ಬರೆದಿಟ್ಟಿದ್ದಾನೆ. ಸಾಳುವ ನರಸಿಂಹ ಸಾವಿರ ಪರದಾವಿಗೆ (ಆಗಿನ ಚಿನ್ನದ ನಾಣ್ಯ) ಮೂರರಂತೆ ಕುದುರೆ ಕೊಳ್ಳುತ್ತಿದ್ದ, ಬದುಕಿದ್ದರೂ ಸರಿ, ಸತ್ತಿದ್ದರೂ ಸರಿ. ಸಮುದ್ರದಲ್ಲಿ ಸತ್ತದ್ದರ ಬಾಲ ತಂದು ತೋರಿಸಿದರೆ ಸಾಕು, ಜೀವಂತ ಕುದುರೆಯ ದುಡ್ಡು. ಇದನ್ನು ಓದಿದ ದಿನ ನಾನು ಒಬ್ಬನೇ ನಕ್ಕೆ. ಹದಿಮೂರು ವರ್ಷ ನಾನು ನೋಡಿದ ಇನ್ಶೂರೆನ್ಸ್ ಕಾಗದಗಳ ಮೂಲಪುರುಷ ನಮ್ಮವನೇ! ಆ ಬಾಲಗಳಲ್ಲಿ ಎಷ್ಟು ಬಾಲ ಒಂದೇ ಕುದುರೆಯದ್ದೋ, ಎಷ್ಟು ಕತ್ತೆಯದ್ದೋ, ನನ್ನ ಅನುಭವದಲ್ಲಿ ಹೇಳುವುದಾದರೆ ಏಜೆಂಟರನ್ನು ನಂಬಲಿಕ್ಕಾಗುವುದಿಲ್ಲ.

ನಮ್ಮ ಬಜಪೆಯಲ್ಲಿ ಕುದುರೆ ವಿಮಾನ ಇಳಿಯುವುದುಂಟಾ ಅಂತ ಭಾವ ಕೇಳಿದ್ದ. ಗುಡ್ಡದ ಮೇಲಿನ ಆ ರನ್‌ವೇಗೆ 747 ಸರಕು ವಿಮಾನ ಬರುವುದಿಲ್ಲ ಮಾರಾಯ ಎಂದೆ. ಅವನಿಗೆ ಬೇಸರ ಆಯಿತು, ಯಾಕೆ ಅಂತ ಗೊತ್ತಿಲ್ಲ.

ಈ ಭಾವನ ಹತ್ತಿರ ಒಂದು ಜೊತೆ ಕಂಬಳದ ಕೋಣ ಉಂಟು. ನಗೆಯ ಆಡಿಯೋ ಬಂದ ಅದೇ ನವೆಂಬರಿನ 25, 26ಕ್ಕೆ ಬೆಂಗಳೂರು ಅರಮನೆ ಮೈದಾನದಲ್ಲಿ ಕಂಬಳ. ಕೋಣ ಲಾರಿಯಲ್ಲಿ ಶಿರಾಡಿ ಘಾಟಿ ಹತ್ತಬೇಕು. "ನೀನು ಕುದುರೆ ವಿಮಾನದಲ್ಲಿ ಹಾರಿಸಿದವ, ಜೊತೆಗೆ ಬಾ" ಎಂದ. ಹೋದೆ.

ಕೋಣ ಕುದುರೆಯಲ್ಲ. ಅದಕ್ಕೆ ಸಾಕೆನಿಸಿದರೆ ಮಲಗಿಬಿಡುತ್ತದೆ, ಮಲಗಿ ಮೆಲುಕು ಹಾಕುತ್ತದೆ. ಲಾರಿಯ ತಳಕ್ಕೆ ದಪ್ಪಕ್ಕೆ ಬೈಹುಲ್ಲು ಹಾಕಿಸಿದೆ. ಹಗ್ಗ ಕಟ್ಟುವವ ಮೂಗು ಮೇಲೆ ಬರುವ ಹಾಗೆ ಗಿಡ್ಡ ಬಿಗಿದಿದ್ದ, ಅದನ್ನು ಬಿಚ್ಚಿ ಉದ್ದ ಮಾಡಿದೆ. "ತಲೆ ಬಗ್ಗಿಸಿದರೆ ಎಡವುತ್ತದೆ" ಎಂದು ಅವನು, "ಬಗ್ಗಿಸದಿದ್ದರೆ ಕೆಮ್ಮುತ್ತದೆ" ಎಂದು ನಾನು. ಭಾವ ನಡುವೆ ಬಂದು ಒಂದು ಮೊಳ ಹೆಚ್ಚು ಬಿಡಿ ಎಂದು ತೀರ್ಪು ಕೊಟ್ಟ. ಬೇಯಿಸಿದ ಹುರುಳಿಯ ಪಾತ್ರೆ ನನ್ನ ಕಾಲ ಬುಡದಲ್ಲಿ. ಇಂಗ್ಲಿಷಿನವರು ಹುರುಳಿಗೆ ಕುದುರೆ ಕಾಳು ಎಂದು ಹೆಸರಿಟ್ಟಿದ್ದಾರೆ, ನಮ್ಮಲ್ಲಿ ತಿನ್ನುವುದು ಕೋಣ.

ಹಾಸನದಲ್ಲಿ ವಿಶ್ರಾಂತಿ. ಸಾಲಾಗಿ ನಿಂತ ಲಾರಿಗಳು, ಇಳಿಸಿ ಕಟ್ಟಿದ ಕೋಣಗಳು, ನೋಡಲಿಕ್ಕೆ ಬಂದ ಜನ, ಸೆಲ್ಫಿ. ಚಳಿ ಬೇರೆ, ಕೋಣಗಳ ಮೂಗಿನಿಂದ ಹಬೆ ಬರುತ್ತಿತ್ತು. ನಮ್ಮ ದೊಡ್ಡ ಕೋಣದ ಮುಂದೆ ಬಕೆಟ್ಟು ಇಟ್ಟರು. ಮೂಸಿತು. ತಲೆ ತಿರುಗಿಸಿತು. ಬೇರೆ ಬಕೆಟ್ಟು ಇಟ್ಟರು, ಅದಕ್ಕೂ ಅದೇ. ಬೆಳಗ್ಗಿನಿಂದ ನೀರಿಲ್ಲ, ಭಾವನ ಮುಖ ಸಣ್ಣದಾಯಿತು.

ನಾನು ಲಾರಿ ಹತ್ತಿ ಎರಡು ಕ್ಯಾನು ಇಳಿಸಿದೆ. ಒಂದರಲ್ಲಿ ಕಟಪಾಡಿಯ ನಮ್ಮ ಬಾವಿಯ ನೀರು. ಇನ್ನೊಂದರಲ್ಲಿ ಬೆಲ್ಲದ ನೀರು, ಒಂದು ವಾರದಿಂದ ದಿನಾ ಸಂಜೆ ಅದರ ಬಕೆಟ್ಟಿಗೆ ಒಂದು ಲೋಟ ಹಾಕಿಸುತ್ತಿದ್ದೆ, ಭಾವನಿಗೆ ಹೇಳಿರಲಿಲ್ಲ, ಅಕ್ಕನಿಗೆ ಮಾತ್ರ ಗೊತ್ತಿತ್ತು. ಹಾಸನದ ನೀರಿನ ಬಕೆಟ್ಟಿಗೇ ಒಂದು ಲೋಟ ಬೆಲ್ಲದ ನೀರು ಬೆರೆಸಿ ಮುಂದಿಟ್ಟೆ.

ಕೋಣ ಮೂಸಿ, ಸ್ವಲ್ಪ ಹೊತ್ತು ಸುಮ್ಮನೆ ನಿಂತು, ತಲೆ ಬಗ್ಗಿಸಿತು. ಬಕೆಟ್ಟಿನ ತಳ ಕಾಣುವವರೆಗೆ ತಲೆ ಎತ್ತಲಿಲ್ಲ. ಬಾವಿಯ ನೀರಿನ ಕ್ಯಾನನ್ನು ನಾನೂ ಡ್ರೈವರೂ ಕುಡಿದು ಮುಗಿಸಿದೆವು.